ಮುಂಜಾನೆ ಕೊಯ್ದ ಲೇಸರ್ ಮಧ್ಯಾಹ್ನ ಯಾಕೆ ಕೊಯ್ಯದು?

ಏಪ್ರಿಲ್, ಮೇ ಬಂತೆಂದರೆ ಸಿಂಧನೂರು, ಮಸ್ಕಿ, ಬಳಗಾನೂರಿನ ಕಡೆಯಿಂದ ನನಗೆ ಬರುವ ಫೋನುಗಳ ಮಾತು ಹೆಚ್ಚುಕಮ್ಮಿ ಒಂದೇ. "ಸರ, ಮುಂಜಾನೆ ಚಲೋ ಕಟ್ ಆಗಿತ್ರಿ. ಈಗ ಅದೇ ಪ್ಲೈವುಡ್, ಅದೇ ಸ್ಪೀಡು. ಕೆಳಗಿನ ತನಕ ಹೋಗವಲ್ದು." ಪವರ್ ಎಷ್ಟಕ್ಕೆ ಏರಿಸಿದ್ದೀರಿ ಎಂದು ಕೇಳಿದರೆ ಸ್ವಲ್ಪ ಹೊತ್ತು ಮೌನ. ಆಮೇಲೆ ಮೆಲ್ಲಗೆ, "ಫುಲ್ ಇಟ್ಟೀನ್ರಿ." ಈ ಅಧ್ಯಾಯವನ್ನು ಆ ಫುಲ್ ಇಟ್ಟವರಿಗಾಗಿಯೇ ಬರೆಯುತ್ತಿದ್ದೇನೆ.

ಯಂತ್ರದ ಪರಿಚಯ ಚುಟುಕಾಗಿ ಮುಗಿಸೋಣ. ನಾಮಫಲಕ, ದೇವರ ಮಂಟಪದ ಜಾಲರಿ, ಪ್ರಶಸ್ತಿ ಫಲಕ ಕೊಯ್ಯುವ ಅಂಗಡಿಗಳಲ್ಲಿರುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಉದ್ದನೆಯ ಗಾಜಿನ ಟ್ಯೂಬು. ಅದರೊಳಗೆ ಕಾರ್ಬನ್ ಡೈಆಕ್ಸೈಡ್, ಸಾರಜನಕ, ಹೀಲಿಯಂ ಅನಿಲಗಳು. ಸಾವಿರಾರು ವೋಲ್ಟಿನ ವಿದ್ಯುತ್ ಹಾಯಿಸಿದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹೊರಡುತ್ತದೆ. ಮೂರು ಕನ್ನಡಿ ಅದನ್ನು ತಿರುಗಿಸುತ್ತವೆ, ಒಂದು ಲೆನ್ಸು ಅದನ್ನು ಚುಕ್ಕಿಯಾಗಿ ಕೂಡಿಸುತ್ತದೆ, ಆ ಚುಕ್ಕಿಯಲ್ಲಿ ಮರ ಆವಿಯಾಗುತ್ತದೆ. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ಮೊದಲು ಮಾಡಿ ತೋರಿಸಿದವರು ಸಿ. ಕುಮಾರ್ ಎನ್. ಪಟೇಲ್. ಹುಟ್ಟಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ. ಇದನ್ನು ಹೇಳುವಾಗಲೆಲ್ಲ ನನಗೆ ಖುಷಿ.

ಟ್ಯೂಬಿನ ಸುತ್ತ ನೀರು ಯಾಕೆ ಹರಿಯುತ್ತದೆ? ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ "ಗಾಜು ಒಡೀಬಾರದಂತ" ಅನ್ನುತ್ತಾರೆ. ಎಡವುವುದು ಇಲ್ಲೇ. ಗಾಜು ಒಡೆದಿಲ್ಲ, ನೀರು ಹರಿಯುತ್ತಿದೆ, ಅಂದಮೇಲೆ ನೀರಿನದೇನೂ ತಪ್ಪಿಲ್ಲ ಎಂದುಕೊಳ್ಳುತ್ತಾರೆ. ನಿಜದಲ್ಲಿ ತಂಪಿಲ್ಲದೆ ಆ ಬೆಳಕು ಹುಟ್ಟುವುದೇ ಇಲ್ಲ.

ಕಾಲುವೆ ನೀರಾವರಿಯ ಈ ಸೀಮೆಯವರಿಗೆ ಇದನ್ನು ತಿಳಿಸುವುದು ಸುಲಭ. ಮೇಲಿನ ಮಡಿಯಲ್ಲಿ ನೀರಿದೆ, ಕೆಳಗಿನ ಮಡಿ ಖಾಲಿ ಇದೆ. ಬದುವಿಗೆ ಗಂಡಿ ತೆಗೆದರೆ ನೀರು ಧುಮುಕುತ್ತದೆ. ಕೆಳಗಿನ ಮಡಿಯೂ ತುಂಬಿ ನಿಂತಿದ್ದರೆ? ಗಂಡಿ ಎಷ್ಟೇ ಅಗಲ ಮಾಡಿದರೂ ಹರಿವಿಲ್ಲ. ಕಾರ್ಬನ್ ಡೈಆಕ್ಸೈಡ್ ಅಣುವಿಗೂ ಹೀಗೆ ಶಕ್ತಿಯ ಎರಡು ಮಟ್ಟಗಳಿವೆ. ಸಾರಜನಕ ವಿದ್ಯುತ್ತಿನಿಂದ ಶಕ್ತಿ ಪಡೆದು ಅಣುವನ್ನು ಮೇಲಿನ ಮಟ್ಟಕ್ಕೆ ಏರಿಸುತ್ತದೆ. ಅಲ್ಲಿಂದ ಕೆಳಮಟ್ಟಕ್ಕೆ ಇಳಿಯುವಾಗ ಅಣು ಬಿಡುವುದೇ ನಮ್ಮ ಬೆಳಕು. ಕೆಳಮಟ್ಟ ತಕ್ಷಣ ಖಾಲಿಯಾದರೆ ಮಾತ್ರ ಇಳಿತ ಮುಂದುವರಿಯುತ್ತದೆ. ಖಾಲಿ ಮಾಡುವ ಕೆಲಸ ಹೀಲಿಯಂನದು. ಅದು ಅಣುಗಳಿಗೆ ಢಿಕ್ಕಿ ಹೊಡೆದು ಉಳಿದ ಶಕ್ತಿಯನ್ನು ಕಸಿದು ಗಾಜಿನ ಗೋಡೆಗೆ ಒಯ್ದು ಕೊಡುತ್ತದೆ, ಗೋಡೆಯಿಂದ ನೀರು ಒಯ್ಯುತ್ತದೆ. ನೀರೇ ಬಿಸಿಯಾಗಿದ್ದರೆ ಅನಿಲ ಬಿಸಿಯಾಗುತ್ತದೆ, ಬಿಸಿ ಅನಿಲದಲ್ಲಿ ಕೆಳಗಿನ ಮಡಿ ತಾನಾಗಿಯೇ ತುಂಬಿಕೊಳ್ಳುತ್ತದೆ. ಆಗ ಪವರ್ ಏರಿಸುವುದೆಂದರೆ ಮೇಲಿನ ಮಡಿಗೆ ಇನ್ನಷ್ಟು ನೀರು ಬಿಟ್ಟ ಹಾಗೆ. ಕೊಟ್ಟ ವಿದ್ಯುತ್ತಿನ ಬಹುಪಾಲು ಬೆಳಕಾಗದೆ ಶಾಖವಾಗುತ್ತದೆ, ಅನಿಲ ಮತ್ತೂ ಕಾಯುತ್ತದೆ. ಮಿತಿ ಮೀರಿದ ಕರೆಂಟಿನಲ್ಲಿ ಬೆಳಕು ಇಳಿದೇ ಬಿಡುತ್ತದೆ, ಟ್ಯೂಬಿನ ಆಯುಷ್ಯವೂ ಸವೆಯುತ್ತದೆ.

ಈ ನೀರು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಒಳ್ಳೆಯದು. 25 ದಾಟಿದರೆ ಎಚ್ಚರ. ಬೇಸಿಗೆಯಲ್ಲಿ ರಾಯಚೂರು ಜಿಲ್ಲೆಯ ಗಾಳಿಯೇ 40 ದಾಟುತ್ತದೆ. ಯಂತ್ರದ ಜೊತೆ ಬರುವ ಚಿಕ್ಕ ಕೂಲರ್ ಪೆಟ್ಟಿಗೆಗಳಲ್ಲಿ ಹಲವಕ್ಕೆ ಕಂಪ್ರೆಸರ್ ಇರುವುದಿಲ್ಲ. ಫ್ಯಾನು, ರೇಡಿಯೇಟರ್ ಅಷ್ಟೇ. ಇಂಥದು ನೀರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲು ಎಂದೂ ಸಾಧ್ಯವಿಲ್ಲ. ಕೊಳ್ಳುವಾಗಲೇ ಕಂಪ್ರೆಸರ್ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಸದ್ಯಕ್ಕೆ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಮುಚ್ಚಳ ಬಿಗಿದು, ಬಾಟಲಿ ಸಮೇತ ತೊಟ್ಟಿಗೆ ಇಳಿಸಿ. ಬರ್ಫವನ್ನೇ ಸುರಿಯಬೇಡಿ: ನೀರು ಒಮ್ಮೆಲೇ ತೀರಾ ತಣ್ಣಗಾದರೆ ಗಾಜಿಗೆ ಅಪಾಯ, ಬರ್ಫದ ನೀರು ಎಲ್ಲಿಯದೋ ಗೊತ್ತಿರುವುದಿಲ್ಲ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಗಾಜಿನ ಒಳಗೆ ಉಪ್ಪಿನ ಪೊರೆ ಕಟ್ಟುತ್ತದೆ, ಲವಣವಿರುವ ನೀರಿನಲ್ಲಿ ವಿದ್ಯುತ್ ಸೋರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ.

ನೀರು ಸರಿಯಿದ್ದೂ ಕೊಯ್ಯದಿದ್ದರೆ ಹಲಗೆಯನ್ನು ಮಗುಚಿ ಬೆನ್ನು ನೋಡಿ. ಗೆರೆಯುದ್ದಕ್ಕೂ ಒಂದೇ ಸಮನೆ ಕಂದು ಛಾಯೆ ಇದ್ದರೆ ಬೆಳಕು ಎಲ್ಲ ಕಡೆಯೂ ಕಮ್ಮಿ. ಲೆನ್ಸು ಕೊಳೆಯಾಗಿರಬಹುದು, ಫೋಕಸ್ ತಪ್ಪಿರಬಹುದು. ಒಂದು ಮೂಲೆಯಲ್ಲಿ ಮಾತ್ರ ಹಿಡಿದುಕೊಂಡಿದ್ದರೆ ಕನ್ನಡಿಗಳ ಸಾಲು ಓರೆ, ಇಲ್ಲವೇ ಹಲಗೆ ಆ ಕಡೆ ಡೊಂಕು. ಅಲ್ಲಲ್ಲಿ ತೇಪೆಯಂತೆ ಉಳಿದಿದ್ದರೆ ದೋಷ ಪ್ಲೈವುಡ್ಡಿನೊಳಗಿನ ಗಂಟು, ಅಂಟಿನದು.

ಅಂಟಿನ ಬಗ್ಗೆ ಒಂದು ಮಾತು. "ಗಟ್ಟಿ ಮಾಲು ಬೇಕು" ಎಂದು ಗಿರಾಕಿ ಐಎಸ್ 710 ಮುದ್ರೆಯ ಮರೀನ್ ಪ್ಲೈ ತಂದುಕೊಡುತ್ತಾನೆ. ಅದು ಒಳ್ಳೆಯದೇ, ಆದರೆ ಅಡುಗೆಮನೆಗೆ. ನೀರು ತಡೆಯುವ ಅದರ ಫೀನಾಲಿಕ್ ಅಂಟು ಆವಿಯಾಗುವ ಬದಲು ಇದ್ದಿಲಾಗಿ ಬೆಳಕಿಗೆ ಅಡ್ಡ ನಿಲ್ಲುತ್ತದೆ. ಅಂಚಿನಲ್ಲಿ ಪದರಗಳ ನಡುವೆ ಕಡು ಕಂದು ಗೆರೆ ಕಂಡರೆ ಇದೇ ಅಂಟು. ಡಬ್ಲ್ಯುಪಿಸಿ (ವುಡ್ ಪ್ಲಾಸ್ಟಿಕ್ ಕಾಂಪೋಸಿಟ್) ಹಲಗೆಯನ್ನಂತೂ ಲೇಸರಿನ ಕೆಳಗೆ ಇಡಲೇಬೇಡಿ. ಹೆಸರಲ್ಲಿ ಮರವಿದ್ದರೂ ಹೆಚ್ಚಿನವುಗಳ ಒಳಗಿರುವುದು ಪಿವಿಸಿ. ಅದರ ಹೊಗೆ ಹೈಡ್ರೋಕ್ಲೋರಿಕ್ ಆಮ್ಲದ್ದು; ನಿಮ್ಮ ಶ್ವಾಸಕೋಶವನ್ನೂ ಯಂತ್ರದ ಕಬ್ಬಿಣವನ್ನೂ ತಿನ್ನುತ್ತದೆ.

ಫೋಕಸ್ ನೋಡಲು ಉಪಕರಣವೇನೂ ಬೇಡ. ಹಲಗೆಯ ಒಂದು ತುದಿಯ ಕೆಳಗೆ ಮರದ ತುಂಡು ಕೊಟ್ಟು ಇಳಿಜಾರು ಮಾಡಿ, ಕಡಿಮೆ ಪವರಿನಲ್ಲಿ ಒಂದು ಉದ್ದ ಗೆರೆ ಎಳೆಯಿರಿ. ಗೆರೆ ದಪ್ಪದಿಂದ ಸಣ್ಣಗಾಗಿ, ಕೂದಲೆಳೆಯಷ್ಟಾಗಿ, ಮತ್ತೆ ದಪ್ಪವಾಗುತ್ತದೆ. ಕೂದಲೆಳೆಯಾದ ಜಾಗದ ಎತ್ತರವೇ ಫೋಕಸ್. ಚುಕ್ಕಿಯ ಅಗಲ ಎರಡು ಪಟ್ಟಾದರೆ ಅದೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ ಎಂಬುದನ್ನು ಆ ಗೆರೆಯೇ ತೋರಿಸಿಕೊಡುತ್ತದೆ.

ಓದಿದವರಲ್ಲಿ ನನ್ನದೊಂದು ಕೋರಿಕೆ. ಈ ಯಂತ್ರಗಳ ಕೈಪಿಡಿಗಳನ್ನು ನಮ್ಮ ಬಿಸಿಲು ಕಾಣದವರು ಬರೆದಿದ್ದಾರೆ. ಯಂತ್ರದ ಪಕ್ಕ ಒಂದು ನೋಟ್‌ಬುಕ್ ತೂಗುಹಾಕಿ. ಮುಂಜಾನೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ ನೀರಿನ ಡಿಗ್ರಿ, ಮೀಟರಿನ ಮಿಲಿಆಂಪಿಯರ್, ಒಂದು ಸಣ್ಣ ವೃತ್ತ ಆರಪಾರ ಕೊಯ್ದ ವೇಗ ಬರೆಯಿರಿ. ಯುಗಾದಿಯಿಂದ ಮುಂಗಾರಿನವರೆಗೆ ಬರೆದ ಒಂದು ನೋಟ್‌ಬುಕ್ ಬಳಗಾನೂರಿನಿಂದ ಬಂದರೂ ಸಾಕು, ಮುಂದಿನ ಮುದ್ರಣದಲ್ಲಿ ಈ ಅಧ್ಯಾಯವನ್ನು ಅದರ ಅಂಕಿಗಳಿಂದಲೇ ಶುರುಮಾಡುತ್ತೇನೆ.