ಭತ್ತದ ದುಂಡಾಣು ಎಲೆ ಅಂಗಮಾರಿ: ಗಿಡದೊಳಗಿನ ಪ್ರೋಟೀನ್ ಸಂಕೇತಗಳು ಮತ್ತು ನಿರೋಧಕ ತಳಿಯ ಆಯ್ಕೆ

ಭತ್ತದ ಎಲೆಗಳು ತುದಿಯಿಂದ ಕೆಳಕ್ಕೆ, ಅಂಚಿನುದ್ದಕ್ಕೂ ಅಲೆಯಾಕಾರವಾಗಿ ಹಳದಿಯಾಗಿ, ಬಳಿಕ ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಅದು ದುಂಡಾಣು ಎಲೆ ಅಂಗಮಾರಿ ರೋಗವಿರಬಹುದು. ರೋಗ ತಗುಲಿದ ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂತಹ ದ್ರವ ಹೊರಸೂಸಿದರೆ ರೋಗಕ್ಕೆ ದುಂಡಾಣುವೇ ಕಾರಣವೆಂದು ತಿಳಿಯಬಹುದು. ಶಿಲೀಂಧ್ರನಾಶಕಗಳ ಸಿಂಪರಣೆಯಿಂದ ಈ ರೋಗ ಹತೋಟಿಗೆ ಬರುವುದಿಲ್ಲ. ಖರ್ಚು ಮಾತ್ರ ಹೆಚ್ಚುತ್ತದೆ. ಆದ್ದರಿಂದ ಬಿತ್ತನೆಗೆ ಮೊದಲೇ ನಿರೋಧಕ ತಳಿಯನ್ನು ಆರಿಸುವುದು ಮುಖ್ಯ.

ಗಿಡವು ಶತ್ರುವನ್ನು ಗುರುತಿಸುವ ಬಗೆ

ಕ್ಸಾಂಥೋಮೊನಾಸ್ ಒರೈಜೆ ಎಂಬ ದುಂಡಾಣು ಎಲೆಯಂಚಿನ ಸೂಕ್ಷ್ಮ ರಂಧ್ರಗಳು ಹಾಗೂ ಗಾಯಗಳ ಮೂಲಕ ಒಳಸೇರಿ ನೀರು ಸಾಗಿಸುವ ನಾಳಗಳಲ್ಲಿ ವೃದ್ಧಿಯಾಗುತ್ತದೆ. ಎಕ್ಸ್‌ಎ21 ವಂಶವಾಹಿಯುಳ್ಳ ಭತ್ತದಲ್ಲಿ ಕೋಶದ ಪೊರೆಗೆ ಅಡ್ಡವಾಗಿ ಒಂದು ಗ್ರಾಹಕ ಪ್ರೋಟೀನ್ ಇರುತ್ತದೆ. ಅದರ ಹೊರಭಾಗವು ದುಂಡಾಣು ಸ್ರವಿಸುವ ರ‍್ಯಾಕ್ಸ್‌ಎಕ್ಸ್ ಎಂಬ ಕಿರು ಪ್ರೋಟೀನನ್ನು ಗುರುತಿಸುತ್ತದೆ. ಒಳಭಾಗವು ಕೈನೇಸ್ ಎಂಬ ಕಿಣ್ವ. ಕೈನೇಸ್‌ಗಳು ಇತರ ಪ್ರೋಟೀನುಗಳಿಗೆ ಫಾಸ್ಫೇಟ್ ಜೋಡಿಸಿ ಅವುಗಳನ್ನು ಚಾಲನೆಗೊಳಿಸುತ್ತವೆ. ಹೀಗೆ ಒಂದು ಪ್ರೋಟೀನಿನಿಂದ ಮತ್ತೊಂದಕ್ಕೆ ದಾಟುವ ಸಂಕೇತವು ಕೋಶಕೇಂದ್ರವನ್ನು ತಲುಪಿದಾಗ ರಕ್ಷಣಾ ವಂಶವಾಹಿಗಳು ಕಾರ್ಯಾರಂಭಿಸುತ್ತವೆ. ದುಂಡಾಣುವಿನ ಬೆಳವಣಿಗೆ ಕುಂಠಿತವಾಗುತ್ತದೆ.

ಎಕ್ಸ್‌ಎ21 ಮೂಲತಃ ಆಫ್ರಿಕಾದ ಕಾಡುಭತ್ತದ ವಂಶವಾಹಿ. 1995ರಲ್ಲಿ ವಿಜ್ಞಾನಿಗಳು ಇದನ್ನು ಬೇರ್ಪಡಿಸಿ, ಅದರ ರಚನೆಯನ್ನು ಪ್ರಕಟಿಸಿದರು.

ಎಕ್ಸ್‌ಎ13 ಕೆಲಸ ಮಾಡುವ ರೀತಿ ಭಿನ್ನವಾದುದು. ರೋಗಕ್ಕೆ ತುತ್ತಾಗುವ ಗಿಡದಲ್ಲಿ ದುಂಡಾಣು ತನ್ನದೊಂದು ಪ್ರೋಟೀನನ್ನು ಕೋಶದೊಳಕ್ಕೆ ಕಳುಹಿಸಿ, ಸಕ್ಕರೆಯನ್ನು ಹೊರಸಾಗಿಸುವ ಗಿಡದ ವಂಶವಾಹಿಯನ್ನೇ ತನ್ನ ಅನುಕೂಲಕ್ಕೆ ಚುರುಕುಗೊಳಿಸುತ್ತದೆ. ಎಕ್ಸ್‌ಎ13 ಇರುವ ಗಿಡದಲ್ಲಿ ಆ ವಂಶವಾಹಿಯ ನಿಯಂತ್ರಣ ಭಾಗ ಬದಲಾಗಿರುವುದರಿಂದ ಈ ತಂತ್ರ ಫಲಿಸುವುದಿಲ್ಲ.

ನಿಮ್ಮ ಗದ್ದೆಗೆ ಇದರ ಪ್ರಯೋಜನ

ತುಂಗಭದ್ರಾ ಅಚ್ಚುಕಟ್ಟು ಪ್ರದೇಶದಲ್ಲಿ ಬೆಳೆಯುವ ಬಿಪಿಟಿ 5204 (ಸಾಂಬಾ ಮಸೂರಿ) ತಳಿಯು ಈ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಕೋಶ ಹಾಗೂ ಅಣು ಜೀವವಿಜ್ಞಾನ ಕೇಂದ್ರಗಳು ಅದೇ ತಳಿಗೆ ಎಕ್ಸ್‌ಎ21, ಎಕ್ಸ್‌ಎ13 ಮತ್ತು ಎಕ್ಸ್‌ಎ5 ವಂಶವಾಹಿಗಳನ್ನು ಸಂಕರಣದ ಮೂಲಕ ಸೇರಿಸಿ ಸುಧಾರಿತ ಸಾಂಬಾ ಮಸೂರಿಯನ್ನು ಅಭಿವೃದ್ಧಿಪಡಿಸಿವೆ. ಇದು ಕುಲಾಂತರಿ ತಳಿಯಲ್ಲ. ದುಂಡಾಣು ರೂಪಾಂತರಗೊಂಡು ಒಂದು ವಂಶವಾಹಿಯನ್ನು ಮಣಿಸಿದರೂ ಉಳಿದವು ಕಾವಲಿಗಿರುತ್ತವೆ ಎಂಬುದೇ ಮೂರನ್ನೂ ಒಟ್ಟುಗೂಡಿಸಿದ್ದರ ಉದ್ದೇಶ.

ಈ ವಂಶವಾಹಿಗಳು ಬೆಂಕಿ ರೋಗವನ್ನು ತಡೆಯುವುದಿಲ್ಲ. ಅದು ಶಿಲೀಂಧ್ರದಿಂದ ಬರುವ ರೋಗವಾಗಿದ್ದು, ಅದನ್ನು ಗುರುತಿಸುವ ಗ್ರಾಹಕಗಳು ಬೇರೆ. ಆದ್ದರಿಂದ ನಿರೋಧಕ ತಳಿ ಬೆಳೆದವರೂ ಬೆಂಕಿ ರೋಗದ ಬಗ್ಗೆ ಎಚ್ಚರದಿಂದಿರಬೇಕು.

ಅನುಸರಿಸಬೇಕಾದ ಕ್ರಮಗಳು

• ಎಕ್ಸ್‌ಎ21ರ ರಕ್ಷಣೆ ಎಳೆ ಸಸಿಗಳಲ್ಲಿ ದುರ್ಬಲವಾಗಿದ್ದು, ಗಿಡ ಬಲಿತಂತೆ ಹೆಚ್ಚುತ್ತದೆ. ಆದ್ದರಿಂದ ಸಸಿಮಡಿಯ ಆರೋಗ್ಯಕ್ಕೆ ವಿಶೇಷ ಗಮನ ಕೊಡಿ.
• ನಾಟಿ ಮಾಡುವಾಗ ಸಸಿಗಳ ತುದಿ ಕತ್ತರಿಸಬೇಡಿ. ಗಾಯವೇ ದುಂಡಾಣುವಿಗೆ ದಾರಿ.
• ಸಾರಜನಕವನ್ನು ಶಿಫಾರಸಿಗಿಂತ ಹೆಚ್ಚು ಕೊಡದೆ, ಕಂತುಗಳಲ್ಲಿ ನೀಡಿ. ರೋಗ ಕಂಡಾಗ ಯೂರಿಯಾ ಮೇಲುಗೊಬ್ಬರವನ್ನು ತಡೆಹಿಡಿಯಿರಿ.
• ರೋಗಪೀಡಿತ ಗದ್ದೆಯ ನೀರು ಪಕ್ಕದ ಗದ್ದೆಗೆ ಹರಿಯದಂತೆ ನೋಡಿಕೊಳ್ಳಿ.
• ಬೀಜವನ್ನು ದೃಢೀಕೃತ ಮೂಲದಿಂದಲೇ ಪಡೆಯಿರಿ. ಸುಧಾರಿತ ತಳಿ ಮತ್ತು ಮೂಲ ತಳಿಯ ಕಾಳುಗಳು ನೋಡಲು ಒಂದೇ ಬಗೆಯವಾದ್ದರಿಂದ, ಬೆರಕೆಯನ್ನು ಕಣ್ಣಿನಿಂದ ಪತ್ತೆಹಚ್ಚುವುದು ಕಷ್ಟ.

ನಿಮ್ಮ ಭಾಗಕ್ಕೆ ಸೂಕ್ತವಾದ ತಳಿಯನ್ನು ನಿರ್ಧರಿಸುವ ಮೊದಲು ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿ.