ಗೈಡ್ ಮುಚ್ಚಿ 200 ಪದ ಬರೆಯೋದು ಹೇಗೆ?

ನಾವು ಮೂವರು ಸೆಮಿಸ್ಟರ್ ರಜೆಯಲ್ಲಿ ಕೊಲ್ಹಾರಕ್ಕೆ ಹೋಗಿದ್ದು ಮೊಸರಿಗಾಗಿ, ಇಂಗ್ಲಿಷ್ ಪಾಠ ಮಾಡೋಕಲ್ಲ. ವಿಜಯಪುರದಿಂದ ಹುಬ್ಬಳ್ಳಿ ಕಡೆ ಬಸ್ಸಲ್ಲಿ ಓಡಾಡುವವರಿಗೆ ಕೊಲ್ಹಾರ ಅಂದ್ರೆ ಮಣ್ಣಿನ ಗಡಿಗೆಯ ಗಟ್ಟಿ ಮೊಸರು, ಆಮೇಲೆ ಕೃಷ್ಣಾ ನದಿಯ ಉದ್ದದ ಸೇತುವೆ. ನಮ್ಮ ಕನ್ನಡ ಸಂಘದ ಒಬ್ಬ ಗೆಳೆಯನ ಮನೆ ಅಲ್ಲೇ ಇದೆ. ಸಂಕ್ರಾಂತಿ ಹೊತ್ತು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಎಲ್ಲ ಮುಗಿಸಿ ಇನ್ನೇನು ಮಲಗಬೇಕು ಅನ್ನೋವಾಗ ಗೆಳೆಯನ ತಂಗಿ ಒಂದು ಉತ್ತರ ಪತ್ರಿಕೆ ತಂದು ಮುಂದಿಟ್ಟಳು. ಸೆಕೆಂಡ್ ಪಿಯುಸಿ ಸೈನ್ಸ್, ಪ್ರಿಪರೇಟರಿ ಪರೀಕ್ಷೆಯ ಇಂಗ್ಲಿಷ್ ಪೇಪರ್. ಆರು ಅಂಕದ ಪ್ರಶ್ನೆಗೆ ಎರಡೂವರೆ ಪುಟ ಬರೆದಿದ್ದಳು. ಸಿಕ್ಕಿದ್ದು ಎರಡು.

"ಅಣ್ಣಾ, ಗೈಡ್‌ನಾಗ ಇದ್ದಂಗ ಒಂದಕ್ಷರ ಬಿಡಲಾರದ ಬರದೀನಿ. ಯಾಕ ಎರಡ ಕೊಟ್ಟಾರ?"

ಅವಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ನಾವು ಮೂವರಲ್ಲಿ ಇಬ್ಬರು ನರ್ಸರಿಯಿಂದಲೇ ಇಂಗ್ಲಿಷ್ ಮೀಡಿಯಂ. ಆದ್ದರಿಂದ ನಮಗೆ ಎಲ್ಲ ಗೊತ್ತಿರುತ್ತೆ ಅಂತ ಅವಳ ಲೆಕ್ಕ. ನಿಜ ಹೇಳಬೇಕಂದ್ರೆ ನಾವೂ ಪಿಯುಸಿಯಲ್ಲಿ ಬಾಯಿಪಾಠ ಮಾಡಿಯೇ ಬರೆದವರು. ಸಿಇಟಿ ರ‍್ಯಾಂಕಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಮಾತ್ರ ಸೇರುತ್ತೆ, ಇಂಗ್ಲಿಷ್ ಸೇರಲ್ಲ ಅಂತ ಗೊತ್ತಾದ ದಿನದಿಂದ ಆ ಪುಸ್ತಕವನ್ನು ಪರೀಕ್ಷೆ ಹಿಂದಿನ ರಾತ್ರಿವರೆಗೂ ತೆಗೆದಿರಲಿಲ್ಲ. ನಮ್ಮ ಇಂಗ್ಲಿಷ್ ಸ್ವಲ್ಪ ಓಡುತ್ತಿದ್ದರಿಂದ ನಡೆದುಹೋಯ್ತು. ಅವಳಿಗೆ ಹಾಗೆ ನಡೆಯಲ್ಲ. ರ‍್ಯಾಂಕಿಗೆ ಇಂಗ್ಲಿಷ್ ಬೇಡದಿದ್ದರೂ ಪಾಸಾಗೋಕೆ ಬೇಕು. ಇಂಗ್ಲಿಷಲ್ಲಿ ಫೇಲಾದರೆ ಮ್ಯಾಥ್ಸಲ್ಲಿ ನೂರಕ್ಕೆ ನೂರು ಬಂದರೂ ಸೀಟು ಕೈಗೆ ಬರಲ್ಲ.

ಇದನ್ನು ಇಂಜಿನಿಯರಿಂಗ್ ಓದುವವರ ಪತ್ರಿಕೆಯಲ್ಲಿ ಯಾಕೆ ಬರೀತಿದೀವಿ ಅಂದ್ರೆ, ನಮ್ಮಲ್ಲಿ ಸುಮಾರು ಜನರ ಮನೆಯಲ್ಲಿ ಪಿಯು ಓದುವ ತಮ್ಮನೋ ತಂಗಿಯೋ ಕಾಕಾನ ಮಗಳೋ ಇರ್ತಾರೆ. ಊರಿಗೆ ಹೋದಾಗ ಅವರು ಕೇಳೋದು ನಮ್ಮನ್ನೇ. ಆ ಮೂರು ದಿನ ನಾವು ಮಾಡಿದ್ದರಲ್ಲಿ ಕೆಲವು ಕೆಲಸ ಮಾಡಿತು, ಕೆಲವು ಮಾಡಲಿಲ್ಲ. ಎರಡನ್ನೂ ಹೇಳ್ತೀವಿ.

ಮೊದಲು ಪರೀಕ್ಷೆ ಏನು ಕೇಳುತ್ತೆ ನೋಡೋಣ. 2023-24ರಿಂದ ಬರವಣಿಗೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಪಠ್ಯ ನಿಮಗೆ ನೆನಪಿರೋ ಅದೇ 'ಸ್ಪೆಕ್ಟ್ರಮ್'. ಪಾಠ, ಪದ್ಯಗಳ ಮೇಲೆ 80ರಿಂದ 100 ಪದಗಳ ನಾಲ್ಕು ಅಂಕದ ಪ್ರಶ್ನೆಗಳು, 200 ಪದಗಳ ಆರು ಅಂಕದ ಒಂದು ಪ್ರಶ್ನೆ. ಇದರ ಜೊತೆ ಉದ್ಯೋಗದ ಅರ್ಜಿ, ಕೊಟ್ಟ ಅಂಶ ಇಟ್ಟುಕೊಂಡು ಭಾಷಣ ಬರೆಯೋದು, ವ್ಯಾಕರಣ ಎಲ್ಲ ಇರುತ್ತೆ. ಅರ್ಜಿಗೆ ಒಂದು ನಮೂನೆ ಇದೆ, ಅದನ್ನು ಬಾಯಿಪಾಠ ಮಾಡಿದರೆ ತಪ್ಪೇನಿಲ್ಲ, ಮಾಡಲೇಬೇಕು. ತೊಂದರೆ ಇರೋದು ಉದ್ದ ಉತ್ತರಗಳಲ್ಲಿ.

ಅವಳ ಪೇಪರ್ ಓದಿದ್ವಿ. ಟಾಲ್‌ಸ್ಟಾಯ್ ಬರೆದ 'ಟೂ ಡಿಯರ್' ಕಥೆ. ಮೊನಾಕೊ ಅನ್ನೋ ಪುಟ್ಟ ರಾಜ್ಯದಲ್ಲಿ ಒಂದು ಕೊಲೆ ಆಗುತ್ತೆ. ಕೊಲೆಗಾರನಿಗೆ ಮರಣದಂಡನೆ ಕೊಡ್ತಾರೆ, ಆದ್ರೆ ತಲೆ ಕಡಿಯುವ ಯಂತ್ರವೂ ಇಲ್ಲ, ಕಡಿಯುವವನೂ ಇಲ್ಲ. ಫ್ರಾನ್ಸ್ ಕೇಳಿದ ರೇಟು 16,000 ಫ್ರಾಂಕ್, ಇಟಲಿ ಕೇಳಿದ್ದು 12,000. ಇಷ್ಟು ದುಡ್ಡು ಯಾರು ಕೊಡ್ತಾರೆ ಅಂತ ಜೈಲಿಗೆ ಹಾಕ್ತಾರೆ. ಅಲ್ಲೂ ಊಟ, ಕಾವಲು ಸೇರಿ ವರ್ಷಕ್ಕೆ 600 ಫ್ರಾಂಕ್ ಖರ್ಚು. ಓಡಿಹೋಗಲಿ ಅಂತ ಕಾವಲುಗಾರನನ್ನೇ ತೆಗೆದರೆ, ಕೈದಿ ತಾನೇ ಅರಮನೆ ಅಡುಗೆಮನೆಗೆ ಹೋಗಿ ಊಟ ತಂದುಕೊಂಡು ವಾಪಸ್ ಜೈಲಿಗೆ ಬಂದು ಕೂರ್ತಾನೆ! ಕೊನೆಗೆ ವರ್ಷಕ್ಕೆ 600 ಫ್ರಾಂಕ್ ಪಿಂಚಣಿ ಕೊಟ್ಟು ರಾಜ್ಯದಿಂದಾಚೆ ಕಳಿಸ್ತಾರೆ. (ಈ ಕಥೆ ಓದಿ ನಗು ಬಂದಿದ್ದು ನಮಗೆ ಈಗ. ಪಿಯುಸಿಯಲ್ಲಿ ಇದು ನಗುವ ಕಥೆ ಅಂತಲೇ ಗೊತ್ತಾಗಿರಲಿಲ್ಲ.)

ಪ್ರಶ್ನೆ ಇದ್ದಿದ್ದು, ಕಥೆಗೆ ಈ ಹೆಸರು ಹೇಗೆ ಹೊಂದುತ್ತದೆ ಅಂತ. ಅವಳು ಬರೆದಿದ್ದು ಕಥೆಯ ಸಾರಾಂಶ. ಮೊನಾಕೊ ಎಲ್ಲಿದೆ, ಎಷ್ಟು ಸಣ್ಣದು, ರಾಜ ಜೂಜಿನ ಮನೆಯಿಂದ ಹೇಗೆ ದುಡ್ಡು ಮಾಡ್ತಾನೆ ಅಂತ ಒಂದೂವರೆ ಪುಟ. ಎರಡೂವರೆ ಪುಟಕ್ಕೆ ಟೈಮ್ ಮುಗಿದಾಗ ಕಥೆ ಇನ್ನೂ ಇಟಲಿ ದಾಟಿರಲಿಲ್ಲ. ಪಿಂಚಣಿ ಬರಲೇ ಇಲ್ಲ. 'ದುಬಾರಿ' ಅನ್ನೋ ಮಾತು ಇಡೀ ಉತ್ತರದಲ್ಲಿ ಒಮ್ಮೆ ಬಂದಿತ್ತು, ಅದೂ ಹೆಸರಿನ ರೂಪದಲ್ಲಿ, ಮೊದಲ ಸಾಲಲ್ಲಿ.

ಗೈಡ್ ಸುಳ್ಳು ಬರೆದಿರಲಿಲ್ಲ. ಅದರಲ್ಲಿದ್ದದ್ದು ಬೇರೆ ಪ್ರಶ್ನೆಗೆ ಉತ್ತರ. ಒಂದೇ ಕಥೆ ಮೇಲೆ 'ರಾಜ ಕೈದಿಯಿಂದ ಹೇಗೆ ಪಾರಾದ', 'ಕೈದಿ ಯಾಕೆ ಜೈಲು ಬಿಟ್ಟು ಹೋಗಲಿಲ್ಲ', 'ನ್ಯಾಯವ್ಯವಸ್ಥೆಯನ್ನು ಕಥೆ ಹೇಗೆ ಗೇಲಿ ಮಾಡುತ್ತೆ' ಅಂತ ನಾಲ್ಕಾರು ರೀತಿ ಕೇಳಬಹುದು. ಪ್ರತಿಯೊಂದಕ್ಕೂ ಒಂದೊಂದು ಉತ್ತರ ಬಾಯಿಪಾಠ ಮಾಡ್ತೀವಿ ಅಂದ್ರೆ ಪಠ್ಯದ ಎಲ್ಲ ಪಾಠ, ಪದ್ಯಕ್ಕೂ ಎಷ್ಟಾಯ್ತು ಲೆಕ್ಕ ಹಾಕಿ. ನಮ್ಮ ಪಾಸಿಂಗ್ ಪ್ಯಾಕೇಜ್ ಕಥೆನೂ ಇದೇ ಅಲ್ವಾ, ಪ್ರಶ್ನೆ ಸ್ವಲ್ಪ ತಿರುಗಿಸಿದರೆ ಪ್ಯಾಕೇಜ್ ಕೈಕೊಡುತ್ತೆ.

ಹಾಗಾದ್ರೆ ಏನು ಮಾಡೋದು? ನಾವು ಗೈಡ್ ಮುಚ್ಚಿಸಿ, ಉತ್ತರವನ್ನು ಕನ್ನಡದಲ್ಲಿ, ಅವಳದೇ ಮಾತಲ್ಲಿ, ಒಂದೇ ವಾಕ್ಯದಲ್ಲಿ ಹೇಳು ಅಂದ್ವಿ. ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಹೇಳಿದಳು: "ಅವನ್ನ ಕೊಲ್ಲೂದೂ ತುಟ್ಟಿ, ಇಟ್ಕೊಳ್ಳೂದೂ ತುಟ್ಟಿ, ಕಡೀಕ ರೊಕ್ಕ ಕೊಟ್ಟ ಕಳಿಸಿದ್ರು."

ಅಷ್ಟೇ ಉತ್ತರ! ಆರು ಅಂಕದ ಪೂರ್ತಿ ಅಸ್ಥಿಪಂಜರ ಆ ಒಂದು ವಾಕ್ಯದಲ್ಲಿದೆ. ಕೊಲ್ಲೋದು ತುಟ್ಟಿ ಅನ್ನೋದಕ್ಕೆ ಸಾಕ್ಷಿ 16,000 ಮತ್ತು 12,000. ಇಟ್ಟುಕೊಳ್ಳೋದು ತುಟ್ಟಿ ಅನ್ನೋದಕ್ಕೆ 600. ದುಡ್ಡು ಕೊಟ್ಟು ಕಳಿಸಿದ್ದಕ್ಕೆ ಪಿಂಚಣಿ. ಮೊದಲಿಗೆ ಅವಳ ವಾಕ್ಯವನ್ನೇ ಇಂಗ್ಲಿಷಲ್ಲಿ ಬರೆದು, ಆಮೇಲೆ ಒಂದೊಂದು ಸಾಕ್ಷಿಗೆ ನಾಲ್ಕೈದು ಸಾಲು ಕೊಟ್ಟರೆ 200 ಪದ ತಾನಾಗೇ ತುಂಬುತ್ತೆ. ಮೊನಾಕೊದ ವರ್ಣನೆಗೆ ಒಂದೇ ಸಾಲು ಸಾಕು. ಮೌಲ್ಯಮಾಪಕರ ಕೈಯಲ್ಲಿ ಯಾವ ಅಂಶಗಳಿಗೆ ಅಂಕ ಅನ್ನೋ ಪಟ್ಟಿ ಇರುತ್ತೆ. ಅವರು ಹುಡುಕೋದು ಆ ಅಂಶಗಳನ್ನ, ಪುಟಗಳನ್ನಲ್ಲ.

ಈ 200 ಪದ ಅನ್ನೋದೇ ಅವಳಿಗೆ ಭೂತದ ಹಾಗಿತ್ತು. ಅದನ್ನ ಇಂಜಿನಿಯರ್ ಬುದ್ಧಿಯಿಂದ ಬಿಡಿಸಿದ್ವಿ. ಅವಳ ಕೈಬರಹದಲ್ಲಿ ಒಂದು ಸಾಲಿಗೆ ಎಷ್ಟು ಪದ ಬರುತ್ತೆ ಎಣಿಸಿದ್ವಿ, ಸರಾಸರಿ 9. ಅಂದ್ರೆ 200 ಪದಕ್ಕೆ 22 ಸಾಲು, ನಾಲ್ಕು ಅಂಕದ ಉತ್ತರಕ್ಕೆ 9ರಿಂದ 11 ಸಾಲು. ಅವಳು ಎರಡೂವರೆ ಪುಟ ಬರೆದು ಬೇರೆ ಪ್ರಶ್ನೆಗಳ ಟೈಮನ್ನೂ ತಿಂದಿದ್ದಳು. ಒಂದು ಪುಟಕ್ಕಿಂತ ಜಾಸ್ತಿ ಬೇಕಾಗೇ ಇರಲಿಲ್ಲ. ನಿಮ್ಮ ತಂಗಿಯದೂ ತಮ್ಮನದೂ ಹೀಗೇ ಎಣಿಸಿ, ಅವರ ಮುಖ ಹಗುರಾಗೋದು ಕಣ್ಣಿಗೆ ಕಾಣುತ್ತೆ.

ಇನ್ನು ಭಾಷೆ. ಇಲ್ಲಿ ನಾವು ಮೊದಲು ಎಡವಿದ್ವಿ. ಅವಳು ಬರೆದ ಪ್ರತಿ ಸಾಲಲ್ಲೂ ತಪ್ಪಿಗೆ ಕೆಂಪು ಗೆರೆ ಎಳೆದು, ಇಲ್ಲಿ 'ದಿ' ಬೇಕು, ಇಲ್ಲಿ 'ಆ್ಯನ್' ಬೇಕು ಅಂತ ಶುರು ಮಾಡಿದ್ವಿ. ಹತ್ತು ನಿಮಿಷಕ್ಕೆ ಅವಳು ಬರೆಯೋದನ್ನೇ ನಿಲ್ಲಿಸಿದಳು. ಗೆಳೆಯನ ಅವ್ವ ಒಳಗಿಂದ, "ಪಾಪ, ಹುಡುಗೀನ ಯಾಕ ಕಾಡ್ತೀರೋ" ಅಂದರು. ಸಣ್ಣ ತಪ್ಪು ಬಿಟ್ಟು, ಅರ್ಥ ಕೆಡಿಸುವ ತಪ್ಪು ಮಾತ್ರ ನೋಡೋಣ ಅಂತ ಆಮೇಲೆ ತೀರ್ಮಾನಿಸಿದ್ವಿ.

ಆಗ ಒಂದು ವಿಷಯ ಕಾಣಿಸಿತು. ಅವಳ ವಾಕ್ಯಗಳು ಕೆಡ್ತಿದ್ದದ್ದು ಉದ್ದದಿಂದ, ಆ ಉದ್ದ ಬಂದಿದ್ದು ಕನ್ನಡದಿಂದ. ಕನ್ನಡದಲ್ಲಿ 'ರಾಜ ಫ್ರಾನ್ಸಿಗೆ ಪತ್ರ ಬರೆದು, ರೇಟು ಕೇಳಿ, ಹೌಹಾರಿ, ಇಟಲಿಗೂ ಬರೆದು, ಅದೂ ಒಪ್ಪದೆ, ಕೊನೆಗೆ ಜೈಲಿಗೆ ಹಾಕಿದ' ಅಂತ ಒಂದೇ ಉಸಿರಲ್ಲಿ ಹೇಳಬಹುದು. ಬರೆದು, ಕೇಳಿ, ಹೌಹಾರಿ ಅಂತ ರೈಲು ಬೋಗಿ ಥರ ಜೋಡಿಸ್ತಾ ಹೋಗಿ ಕೊನೆಗೊಂದು ಕ್ರಿಯಾಪದ ಇಟ್ಟರೆ ಆಯ್ತು, ಚಂದವಾಗೂ ಇರುತ್ತೆ. ಇದನ್ನೇ ಇಂಗ್ಲಿಷಿಗೆ ತಂದ್ರೆ ಆರು 'ಆ್ಯಂಡ್', ಮೂರು 'ಆಫ್ಟರ್ ದಟ್' ಬಂದು, ಯಾರು ಯಾರಿಗೆ ಬರೆದರು ಅನ್ನೋದೇ ಕಳೆದುಹೋಗುತ್ತೆ. ಅದಕ್ಕೆ ಒಂದು ಸುಲಭದ ನಿಯಮ ಮಾಡಿದ್ವಿ: ಕನ್ನಡದಲ್ಲಿ ಎಲ್ಲೆಲ್ಲಿ ಬೋಗಿ ಜೋಡಣೆ ಇದೆಯೋ ಅಲ್ಲಿ ಇಂಗ್ಲಿಷಲ್ಲಿ ಫುಲ್‌ಸ್ಟಾಪ್. ಪ್ರತಿ ವಾಕ್ಯದ ಶುರುವಲ್ಲಿ ಯಾರು ಅನ್ನೋದು ಬರಲೇಬೇಕು. 'ದಿ ಕಿಂಗ್ ವ್ರೋಟ್ ಟು ಫ್ರಾನ್ಸ್. ಫ್ರಾನ್ಸ್ ಆಸ್ಕ್‌ಡ್ ಫಾರ್ 16,000 ಫ್ರಾಂಕ್ಸ್. ದಿ ಕಿಂಗ್ ಥಾಟ್ ಇಟ್ ವಾಸ್ ಟೂ ಮಚ್.' ಕೇಳೋಕೆ ಮಕ್ಕಳ ಇಂಗ್ಲಿಷ್ ಥರ ಇರಬಹುದು. ಆದ್ರೆ ತಪ್ಪಿಲ್ಲ, ಅಂಶ ಇದೆ. ಕಥೆಯನ್ನ ಭೂತಕಾಲದಲ್ಲಿ ಶುರು ಮಾಡಿದ್ರೆ ಕೊನೆತನಕ ಅದರಲ್ಲೇ ಇರಬೇಕು, ಇದೊಂದೇ ಇನ್ನೊಂದು ನಿಯಮ. ಹೆಸರುಗಳ ಸ್ಪೆಲ್ಲಿಂಗ್ ಮಾತ್ರ ಬಾಯಿಪಾಠ ಮಾಡು ಅಂದ್ವಿ.

ಎರಡನೇ ದಿನ ಪಠ್ಯವನ್ನೇ ಪಕ್ಕಕ್ಕಿಟ್ಟು, ಕೊಲ್ಹಾರದ ಮೊಸರು ಯಾಕೆ ಗಟ್ಟಿ ಅಂತ 80 ಪದ ಬರಿ ಅಂದ್ವಿ. ಗಡಿಗೆಯ ಮಣ್ಣಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅದರ ಮೂಲಕ ನೀರಿನಂಶ ಹೊರಗೆ ಬಂದು ಆವಿಯಾಗುತ್ತೆ, ಆವಿಯಾಗುವಾಗ ಗಡಿಗೆ ತಣ್ಣಗಾಗುತ್ತೆ, ಹಾಗಾಗಿ ಮೊಸರು ಗಟ್ಟಿಯಾಗುತ್ತೆ, ಬೇಗ ಹುಳಿಯಾಗಲ್ಲ. ಇದಕ್ಕೆ ಗೈಡ್ ಇಲ್ಲ, ನಕಲು ಮಾಡೋಕೆ ಏನೂ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಬರೆದಳು. ತಪ್ಪುಗಳಿದ್ದವು, ಆದರೆ ಒಂದರಿಂದ ಇನ್ನೊಂದು ಹೇಗೆ ಆಗುತ್ತೆ ಅನ್ನೋದು ಸಾಲುಸಾಲಾಗಿ ಬಂದಿತ್ತು. ಇದಾದ ಮೇಲೆ ಸಾಯಿನಾಥರ 'ವೇರ್ ದೇರ್ ಈಸ್ ಎ ವೀಲ್' ಸಲೀಸಾಯ್ತು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಹಳ್ಳಿ ಹೆಣ್ಣುಮಕ್ಕಳು ಸೈಕಲ್ ಕಲಿತ ಕಥೆ ಅದು. ಅವಳ ಅಣ್ಣನಿಗೆ ಎಂಟನೇ ಕ್ಲಾಸಲ್ಲಿ ಸರ್ಕಾರದಿಂದ ಸಿಕ್ಕ ಸೈಕಲ್ಲನ್ನ ಆಮೇಲೆ ಹೊಡೆದಿದ್ದು ಅವಳೇ. ಬಸ್ಸಿಗೆ, ಗಂಡಸರಿಗೆ ಕಾಯೋದು ತಪ್ಪಿದ್ರೆ ಏನು ಬದಲಾಗುತ್ತೆ ಅಂತ ನಾವು ಹೇಳಿಕೊಡೋದು ಏನೂ ಇರಲಿಲ್ಲ.

ಮೂರನೇ ದಿನ ಇದೇ ಉಪಾಯ ತಿರುಗಿಬಿತ್ತು. ಚಲ್ಲಪಲ್ಲಿ ಸ್ವರೂಪರಾಣಿಯವರ 'ವಾಟರ್' ಪದ್ಯ ತಗೊಂಡ್ವಿ. ಕೊಲ್ಹಾರದವರಿಗೆ ನೀರು ಅಂದ್ರೆ ಸುಮ್ನೆ ಮಾತಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರು ಹೋಗಿ, ಈಗಿನ ಊರು ಬೇರೆ ಜಾಗದಲ್ಲಿ ಎದ್ದಿದ್ದು. ಮುತ್ಯಾ ಕಟ್ಟೆ ಮೇಲೆ ಕೂತು ಹಳೇ ಮನಿ, ಅದರ ಬಾಗಿಲು, ಹಿತ್ತಲು ಅಂತ ದಿನಾ ಹೇಳ್ತಿದ್ದರು. ಅವಳು ಉತ್ತರದಲ್ಲಿ ಮುತ್ಯಾನ ಮಾತನ್ನೇ ಬರೆದಳು, 14 ಸಾಲು. ಅವಳು ಬರೆದದ್ದರಲ್ಲೆಲ್ಲ ಅದೇ ಚಂದ ಇತ್ತು. ಆದ್ರೆ ಪದ್ಯ ಅದರಲ್ಲಿರಲಿಲ್ಲ. ದಲಿತರು ಒಂದು ಕೊಡ ನೀರಿಗೆ ದೂರ ನಿಂತು ಕಾಯೋದು, 1927ರ ಮಹಾಡ್ ಕೆರೆ ಹೋರಾಟ, 1985ರ ಕಾರಂಚೇಡು, ಈಗ ಬಾಟಲಿಯಲ್ಲಿ ಮಾರಾಟಕ್ಕಿರೋ ನೀರು, ಇವು ಬರಬೇಕಿತ್ತು.

"ಹಂಗಾದ್ರ ನಮ್ಮೂರ ನೀರಿನ ಸುದ್ದಿ ಬರದ್ರ ಮಾರ್ಕ್ಸ್ ಇಲ್ಲೇನ್ರಿ?" ಅಂದಳು. 'ಅಣ್ಣಾ' ಹೋಗಿ 'ರಿ' ಬಂದಿತ್ತು, ಸಿಟ್ಟು ಬಂದಿದೆ ಅಂತ ಗೊತ್ತಾಯ್ತು. ಪರೀಕ್ಷೆಯಲ್ಲಿ ಕೇಳೋದು ಪದ್ಯದ ಬಗ್ಗೆ, ಮೊದಲು ಅದು, ಕೊನೆಗೆ ಜಾಗ ಉಳಿದ್ರೆ ಒಂದು ಸಾಲು ನಿಮ್ಮೂರು ಅಂದ್ವಿ. ಹೇಳಿದ್ದು ಸರಿ. ಆದ್ರೂ ಆ 14 ಸಾಲಿಗೆ ಗೆರೆ ಎಳೆಯೋಕೆ ಮೂವರಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಹಾಳೆಯನ್ನ ಮುತ್ಯಾಗೆ ಕೊಟ್ವಿ. ಇಂಗ್ಲಿಷ್ ಓದಕ್ಕೆ ಬರಲ್ಲ ಅಂತ ಮೊಮ್ಮಗಳ ಕೈಲೇ ಕನ್ನಡದಲ್ಲಿ ಹೇಳಿಸಿಕೊಂಡರು.

ಮೊನ್ನೆ ಅವಳು 'ಟೂ ಡಿಯರ್' ಉತ್ತರ ಮತ್ತೆ ಬರೆದು ಫೋಟೊ ಕಳಿಸಿದಾಳೆ. 23 ಸಾಲು, ಎಲ್ಲ ಗಿಡ್ಡ ವಾಕ್ಯ. ಪಿಂಚಣಿ ಬಂದಿದೆ. ಗಿಲೊಟಿನ್ ಸ್ಪೆಲ್ಲಿಂಗ್ ಇನ್ನೂ ತಪ್ಪು. ಆರಕ್ಕೆ ಎಷ್ಟು ಕೊಡ್ತೀರಿ ಅಂತ ಕೇಳಿದ್ದಾಳೆ. ನಾವು ಮೂವರೂ ಒಬ್ಬರಿಗೊಬ್ಬರು ತೋರಿಸದೆ ಅಂಕ ಹಾಕಿದ್ವಿ: 4, 4, 5.