ಗಣಕದ ದೋಷವರದಿಗಳೂ ಕನ್ನಡ ಭಾಷಾಂತರವೂ

1918ರಲ್ಲಿ ಬೆಂಗಳೂರಿನಿಂದ ‘ವಿಜ್ಞಾನ’ ಮಾಸಪತ್ರಿಕೆ ಹೊರಟಂದಿನಿಂದಲೂ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳುವ ಬಗೆಯನ್ನು ಕುರಿತು ಚರ್ಚೆ ನಡೆದುಬಂದಿದೆ. ಗಣಕಯಂತ್ರವು ಬಂದಮೇಲೆ ಆ ಚರ್ಚೆಗೆ ಹೊಸದೊಂದು ಶಾಖೆ ಕೂಡಿತು. ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವು ಕನ್ನಡವನ್ನು ಯಂತ್ರದಲ್ಲಿ ಬರೆಯುವ ತೊಡಕನ್ನು ಬಹುಮಟ್ಟಿಗೆ ನೀಗಿತು. ಗ್ನೋಮ್, ಕೆಡಿಇ, ಫೈರ್‌ಫಾಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳ ಆದೇಶಪಟ್ಟಿಗಳನ್ನು ಸ್ವಯಂಸೇವಕರು ಕನ್ನಡಿಸಿದರು. ಆದರೆ ತಂತ್ರಾಂಶವು ಕೆಟ್ಟಾಗ ಅದು ತಾನೇ ಬರೆದಿಡುವ ದೋಷವರದಿಯ ವಾಕ್ಯಗಳನ್ನೂ ಕನ್ನಡಿಸತಕ್ಕದ್ದೇ ಎಂಬುದು ಬೇರೆಯೇ ಪ್ರಶ್ನೆ.

ಇಂಥ ವರದಿಗೆ ಓದುಗರು ಇಬ್ಬರು. ಒಬ್ಬನು ಯಂತ್ರದ ಮುಂದೆ ಕುಳಿತವನು. ಇನ್ನೊಬ್ಬನು ದೂರದಲ್ಲಿದ್ದು ಅದನ್ನು ದುರಸ್ತಿಮಾಡುವವನು, ಬಹುಶಃ ಕನ್ನಡವರಿಯದವನು. ಲಿನಕ್ಸ್ ವ್ಯವಸ್ಥೆಯಲ್ಲಿ ಕೇಳಿದ ಕಡತವು ಸಿಕ್ಕದಿದ್ದರೆ ಒಳಗೆ ಹುಟ್ಟುವುದು 2 ಎಂಬ ಸಂಖ್ಯೆ. ಕಡತವಿದ್ದೂ ಅಪ್ಪಣೆಯಿಲ್ಲದಿದ್ದರೆ 13. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂಬ ಇಂಗ್ಲಿಷ್ ವಾಕ್ಯವೂ ಆ ಸಂಖ್ಯೆಗೆ ತೊಡಿಸಿದ ಉಡುಪೇ ಹೊರತು ದೋಷದ ನಿಜನಾಮವಲ್ಲ.

ಉಡುಪನ್ನು ಬದಲಾಯಿಸುವುದು ಮಾತ್ರ ಎಣಿಸಿದಷ್ಟು ಸುಲಭವಲ್ಲ. ‘ಕ್ಯಾನಾಟ್ ಓಪನ್’ ಎಂಬುದು ಇಂಗ್ಲಿಷಿನಲ್ಲಿ ಎರಡು ಸಂದರ್ಭಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ‘ತೆರೆಯಲಾಗದು’ ಎಂದರೆ ಅಶಕ್ಯತೆ, ‘ತೆರೆಯಕೂಡದು’ ಎಂದರೆ ನಿಷೇಧ; ಕಾರಣವನ್ನರಿಯದೆ ಭಾಷಾಂತರಕಾರನು ಒಂದನ್ನು ಆರಿಸಲಾರನು. ವಿಭಕ್ತಿಯ ತೊಡಕು ಇದಕ್ಕಿಂತ ಹೆಚ್ಚಿನದು. ಕಡತದ ಹೆಸರು ಬರಬೇಕಾದೆಡೆಯಲ್ಲಿ ಮೂಲವಾಕ್ಯವು ಬರಿದಾದ ಒಂದು ಸ್ಥಾನವನ್ನು ಬಿಟ್ಟಿರುತ್ತದೆ. ಅಲ್ಲಿಗೆ ‘ವರದಿ’ ಬಂದರೆ ‘ವರದಿಯನ್ನು’ ಎಂದಾಗಬೇಕು, ‘ಪತ್ರ’ ಬಂದರೆ ‘ಪತ್ರವನ್ನು’ ಎಂದಾಗಬೇಕು; ಯಂತ್ರಕ್ಕೆ ಈ ಆಗಮಸಂಧಿಯ ವಿವೇಕವಿಲ್ಲ. ಹೆಸರನ್ನು ಹಾಗೆಯೇ ಬಿಟ್ಟು ‘ಎಂಬ ಕಡತವನ್ನು’ ಎಂದು ಮುಂದುವರಿಸಿದರೆ ತೊಡಕು ತೀರುತ್ತದೆ. ‘ಎಂಬ’ ಎಂಬ ಪುಟ್ಟ ಕೃದಂತವು ಇಲ್ಲಿ ಮಾಡುವ ಉಪಕಾರವನ್ನು ವ್ಯಾಕರಣ ಹೇಳಿಕೊಡುವವರು ಗಮನಿಸಬಹುದು.

ಭಾಷಾಂತರವು ಎಷ್ಟೇ ಚೆನ್ನಾಗಿರಲಿ, ಅದನ್ನು ಹಿಂದಿರುಗಿಸಿ ಮೂಲವನ್ನು ಪಡೆಯುವುದು ಕಷ್ಟ. ‘ಕಡತ ಸಿಗಲಿಲ್ಲ’ ಎಂಬುದು ಮೂರು ನಾಲ್ಕು ಬೇರೆ ಬೇರೆ ಮೂಲವಾಕ್ಯಗಳ ಅನುವಾದವಾಗಿರಬಹುದು. ಆದಕಾರಣ ದುರಸ್ತಿಮಾಡುವವರು ಭಾಷೆಯನ್ನು ‘ಸಿ’ ಎಂಬ ಮೂಲಸ್ಥಿತಿಗೆ ತಿರುಗಿಸಿ ಮತ್ತೊಮ್ಮೆ ನಡೆಯಿಸಿ ನೋಡಿರೆಂದು ಕೇಳುವುದುಂಟು. ಒಮ್ಮೆ ಕಂಡ ದೋಷವು ಕೇಳಿದಾಗಲೆಲ್ಲ ಮರಳಿ ಕಾಣಿಸಿಕೊಳ್ಳುವುದಾದರೆ ಇದು ಸರಿ. ಹಾಗೆ ಕಾಣಿಸಿಕೊಳ್ಳದ ದೋಷಗಳೇ ಹೆಚ್ಚು ಕಾಡುವಂಥವು.

ಹಾಗಾದರೆ ಎಲ್ಲವನ್ನೂ ಇಂಗ್ಲಿಷಿನಲ್ಲಿಯೇ ಬಿಡಬೇಕೆ? ಅದು ಯಂತ್ರದ ಮುಂದಿರುವವನಿಗೆ ಅನ್ಯಾಯ. ಅಪ್ಪಣೆಯಿಲ್ಲವೆಂದೋ ಸ್ಥಳ ಸಾಲದೆಂದೋ ತಿಳಿದರೆ ಅವನೇ ಪರಿಹಾರ ಮಾಡಿಕೊಳ್ಳಬಲ್ಲನು. ಗ್ನೂ ಗೆಟ್‌ಟೆಕ್ಸ್ಟ್ ಪದ್ಧತಿಯಲ್ಲಿ ಮೂಲವಾಕ್ಯವೇ ಅನುವಾದವನ್ನು ಹುಡುಕುವ ಕೀಲಿಯಾಗಿರುವುದರಿಂದ, ದೋಷವು ಸಂಭವಿಸಿದ ಕ್ಷಣದಲ್ಲಿ ಎರಡೂ ಕೈಯಲ್ಲಿರುತ್ತವೆ: ತೆರೆಯ ಮೇಲೆ ಕನ್ನಡವನ್ನು ತೋರಿಸಿ, ದಾಖಲೆಯಲ್ಲಿ ಮೂಲವನ್ನೂ ಸಂಖ್ಯೆಯನ್ನೂ ಬರೆದಿಡಲು ಅಡ್ಡಿಯಿಲ್ಲ. ಕಾರ್ಯಕ್ರಮದ ಒಳಭಾಗಗಳ ಹೆಸರುಗಳನ್ನಂತೂ ಮುಟ್ಟಲೇಬಾರದು.

ಅಂಕೆಗಳ ವಿಷಯದಲ್ಲಿಯೂ ಅಭಿಮಾನವನ್ನು ಸ್ವಲ್ಪ ತಡೆಹಿಡಿಯಬೇಕಾಗುತ್ತದೆ. ಯೂನಿಕೋಡಿನಲ್ಲಿ ೨ ಬೇರೆ, 2 ಬೇರೆ. ಅಕ್ಷರಶಃ ಹುಡುಕುವ ಸಾಧನಕ್ಕೆ ಒಂದನ್ನು ಕೊಟ್ಟರೆ ಇನ್ನೊಂದು ಸಿಕ್ಕುವುದಿಲ್ಲ.